ಹೊಸದಾಗಿ ಶಿಫ್ಟ್ ಇನ್‌ಚಾರ್ಜ್ ಆಗಿದ್ದೇನೆ, ಜನರನ್ನು ನಿಭಾಯಿಸುವುದು ಹೇಗೆ?

ಬಿ ಶಿಫ್ಟ್ ಹುಡುಗ

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದ ಒಂದು ಮಷಿನ್ ಶಾಪ್‌ನಲ್ಲಿ ಇದ್ದೇನೆ. ಡಿಪ್ಲೊಮಾ ಮುಗಿಸಿ ಸಿಎನ್‌ಸಿ ಸೆಟ್ಟರ್ (ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಮಷಿನ್ ಸಿದ್ಧ ಮಾಡಿಕೊಡುವವನು) ಆಗಿ ಸೇರಿದವನು. ಯುಗಾದಿ ಆದ ಮೇಲೆ ಬಿ ಶಿಫ್ಟ್ ಇನ್‌ಚಾರ್ಜ್ ಮಾಡಿದ್ದಾರೆ. ಸೆಟ್ಟಿಂಗ್, ಪ್ರೋಗ್ರಾಂ, ಆಫ್‌ಸೆಟ್ ಇದರಲ್ಲೆಲ್ಲ ನನಗೆ ತೊಂದರೆ ಇಲ್ಲ. ಜನರ ಕೈಲಿ ಕೆಲಸ ಮಾಡಿಸುವುದೇ ಕಷ್ಟ ಆಗಿದೆ.

ಮೂರು ಸಮಸ್ಯೆ. ಒಂದು, ನನ್ನ ಶಿಫ್ಟಿನಲ್ಲಿ ಒಬ್ಬರು ಹಿರಿಯ ಆಪರೇಟರ್ ಇದ್ದಾರೆ. ನಮ್ಮಪ್ಪನ ವಯಸ್ಸು. ಕೆಲಸದಲ್ಲಿ ಎತ್ತಿದ ಕೈ. ಟೂಲ್ ಸವೆದಿದೆ ಅಂತ ಗೇಜ್ ಹಾಕುವ ಮೊದಲೇ ಕಟಿಂಗ್ ಸದ್ದಿನಲ್ಲೇ ಹೇಳಿಬಿಡುತ್ತಾರೆ. ಆದರೆ ಎಷ್ಟು ಪೀಸ್ ಆಯಿತು, ಎಷ್ಟು ಕೆಟ್ಟಿತು ಅಂತ ಬರೆಯುವ ಲಾಗ್ ಶೀಟ್ ತುಂಬುವುದಿಲ್ಲ. ಕೇಳಿದರೆ "ನೀನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗ ನಾನು ಟರೆಟ್ ಲೇತ್ ಓಡಿಸ್ತಿದ್ದೆ" ಅಂತಾರೆ. ಸುತ್ತಲಿನವರು ನಗುತ್ತಾರೆ. ಎರಡು, ಕಾಂಟ್ರ್ಯಾಕ್ಟ್ ಹುಡುಗರು. ಒಡಿಶಾ, ಬಿಹಾರದ ಕಡೆಯವರು. ಹೇಳಿದ್ದಕ್ಕೆಲ್ಲ "ಹಾ ಸರ್" ಅನ್ನುತ್ತಾರೆ, ಹೋಗಿ ಬೇರೇನೋ ಮಾಡಿರುತ್ತಾರೆ. ಮೂರು, ಬೆಳಗಿನ ಮೀಟಿಂಗ್. ರಾತ್ರಿ ರಿಜೆಕ್ಷನ್ ಬಂದಿದ್ದರೆ, ಅಂದರೆ ಪೀಸ್ ಕೆಟ್ಟಿದ್ದರೆ, ಮಾರನೇ ದಿನ ಬೇಗ ಬಂದು ಮ್ಯಾನೇಜರ್ ಮುಂದೆ ನಿಲ್ಲಬೇಕು. ಅಲ್ಲಿ ಮಾತೆಲ್ಲ ಇಂಗ್ಲಿಷ್. ನನಗೆ ಬಾಯೇ ಬರುವುದಿಲ್ಲ.

ಕಂಪನಿಯವರು ಒಂದು ಹೋಟೆಲಿನಲ್ಲಿ ಸಾಫ್ಟ್ ಸ್ಕಿಲ್ಸ್ ಟ್ರೇನಿಂಗ್ ಕೊಡಿಸಿದರು. ಕೈ ಕುಲುಕುವುದು ಹೇಗೆ, ಮುಖ ನೋಡಿ ಮಾತಾಡುವುದು ಹೇಗೆ, ಆಮೇಲೆ ಬಲೂನ್ ಒಡೆಯುವ ಆಟ. ಊಟ ಚೆನ್ನಾಗಿತ್ತು. ಶಾಪ್‌ಗೆ ವಾಪಸ್ ಬಂದರೆ ಅದರಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಅನುಭವ ಇರುವವರು ದಾರಿ ಹೇಳಿ.

ಜಾಲಹಳ್ಳಿ ಕ್ರಾಸ್

ಬಲೂನ್ ಆಟ ನಮ್ಮಲ್ಲೂ ಆಡಿಸಿದ್ದರು. ಯಾವ ಪುಣ್ಯಾತ್ಮ ಕಂಡುಹಿಡಿದನೋ. ನಾನೂ ಓದುತ್ತಿದ್ದೇನೆ, ಬಲ್ಲವರು ಬರೆಯಿರಿ.

ಹಳೇ ಟರ್ನರ್

ತಮ್ಮಾ, ಮೊದಲು ಆ ಹಿರಿಯರ ವಿಷಯ. ಜಾಲಹಳ್ಳಿಯಲ್ಲಿ ಲೇತ್‌ನಂಥ ಮಷಿನ್ ಮಾಡುವ ಎಚ್‌ಎಂಟಿ ಕಾರ್ಖಾನೆ ಶುರುವಾದದ್ದು 1953ರಲ್ಲಿ. ನನ್ನ ಕಾಲಕ್ಕೆ ಪೀಣ್ಯದ ಎಷ್ಟೋ ಶಾಪ್‌ಗಳಲ್ಲಿ ಅಲ್ಲಿ ಪಳಗಿದವರು, ಅವರ ಕೈಕೆಳಗೆ ಕಲಿತವರೇ ಇದ್ದರು. ಆಗ ಸೈಜ್ ಬರುವುದು ಆಪರೇಟರ್ ಕೈಯಿಂದ. ಹ್ಯಾಂಡಲ್ ಎಷ್ಟು ತಿರುಗಿಸಬೇಕು ಅನ್ನುವುದು ಅವನಿಗೆ ಮಾತ್ರ ಗೊತ್ತು. ಫೋರ್‌ಮನ್ ಕೂಡ ಅವನನ್ನು ಕೇಳಿ ಮಾತಾಡುತ್ತಿದ್ದ. ಸಿಎನ್‌ಸಿ ಬಂದ ಮೇಲೆ ಸೈಜ್ ಪ್ರೋಗ್ರಾಂಗೆ ಹೋಯಿತು. ಪ್ರೋಗ್ರಾಂ ನಿನ್ನಂಥ ಹುಡುಗರ ಕೈಗೆ ಬಂತು. ಅವರಿಗೆ ಉಳಿದದ್ದು ಪೀಸ್ ಹಾಕು, ಡೋರ್ ಮುಚ್ಚು, ಗ್ರೀನ್ ಬಟನ್ ಒತ್ತು. ಅದರ ಮೇಲೆ ನೀನು ಹೋಗಿ ಶೀಟ್ ತುಂಬಿ ಅಂದರೆ ಚಡ್ಡಿ ಮಾತು ಬರದೆ ಇನ್ನೇನು ಬರುತ್ತದೆ?

ಈಗ ಒಂದು ಕೆಲಸ ಮಾಡು. ಆ ಲಾಗ್ ಶೀಟನ್ನು ನೀನೇ ಒಮ್ಮೆ ಕೈಗೆ ತೆಗೆದುಕೊಂಡು ನೋಡು. ನಾನು ನೋಡಿದ ಶಾಪ್‌ಗಳಲ್ಲೆಲ್ಲ ಅದು ಒಂದೇ ಥರ ಇರುತ್ತದೆ. ಪೂರ್ತಿ ಇಂಗ್ಲಿಷ್. ಕಡಲೆಬೇಳೆಯಷ್ಟು ಅಗಲದ ಕಾಲಂ. ಜೆರಾಕ್ಸ್‌ನ ಜೆರಾಕ್ಸ್ ತೆಗೆದು ಅಕ್ಷರ ಅರ್ಧ ಅಳಿಸಿರುತ್ತದೆ. ಮಷಿನ್ ಪಕ್ಕ ನೇತುಹಾಕಿದ್ದಕ್ಕೆ ಎಣ್ಣೆ ಹಿಡಿದು ಪೆನ್ ಓಡುವುದಿಲ್ಲ. ಐವತ್ತು ದಾಟಿದವರಿಗೆ ಓದುವ ಕನ್ನಡಕ ಬೇಕು. ಕೂಲಂಟ್ ಹಾರುತ್ತದೆ ಅಂತ ಕನ್ನಡಕ ಲಾಕರ್‌ನಲ್ಲಿ ಇಟ್ಟಿರುತ್ತಾರೆ. "ಕಾಣಿಸಲ್ಲಪ್ಪ" ಅಂತ ನಿನ್ನ ಮುಂದೆ ಹೇಳಲು ನಾಚಿಕೆ. ಅದಕ್ಕೆ ಜೋರು ಮಾಡುತ್ತಾರೆ.

ಇನ್ನೊಂದು ಕಾರಣವೂ ಇರಬಹುದು. ಹಿಂದೆ ಯಾವಾಗಲೋ ಪ್ರಾಮಾಣಿಕವಾಗಿ ರಿಜೆಕ್ಷನ್ ಬರೆದಿದ್ದಕ್ಕೆ ಇನ್ಸೆಂಟಿವ್ ಕತ್ತರಿಸಿರುತ್ತಾರೆ. ಅವತ್ತಿನಿಂದ ಪೆನ್ ಮುಟ್ಟಿರುವುದಿಲ್ಲ. ಟೀ ಬ್ರೇಕ್‌ನಲ್ಲಿ ಒಬ್ಬರೇ ಇರುವಾಗ ಕೇಳು. "ಅಣ್ಣ, ಈ ಶೀಟ್‌ನಿಂದ ನಿಮಗೆ ಏನಾದ್ರೂ ತೊಂದ್ರೆ ಆಗಿತ್ತಾ?" ಅಷ್ಟೇ. ಹತ್ತು ಜನರ ಮುಂದೆ ಕೇಳಬೇಡ. ಹತ್ತು ಜನರ ಮುಂದೆ ಅವರು ನಿನಗೆ ಉತ್ತರ ಕೊಡುವುದಿಲ್ಲ, ಆ ಹತ್ತು ಜನಕ್ಕೆ ಕೊಡುತ್ತಾರೆ.

ಮತ್ತೆ, ಅಣ್ಣ ಅಂದ ಮಾತ್ರಕ್ಕೆ ಗೇಜ್ ಸಡಿಲ ಬಿಡಬೇಡ. ಗೇಜಿನ ನೋ-ಗೋ ತುದಿ, ಅಂದರೆ ಹೋಗಬಾರದ ತುದಿ, ಒಳಗೆ ಹೋಯಿತು ಅಂದರೆ ಮಷಿನ್ ನಿಲ್ಲಬೇಕು, ಅವರದ್ದಾದರೂ ಸರಿ, ನಿನ್ನದಾದರೂ ಸರಿ.

ಬಿ ಶಿಫ್ಟ್ ಹುಡುಗ

ಅಣ್ಣ, ಶೀಟ್ ನೋಡಿದೆ. ನೀವು ಹೇಳಿದ ಹಾಗೇ ಇದೆ. ಒಂದು ಕಾಲಂ ಹೆಸರಂತೂ ನನಗೇ ಓದಲು ಆಗಲಿಲ್ಲ.

ಟೂಲ್‌ರೂಮ್ ಮೇಷ್ಟ್ರು

ಕಾಂಟ್ರ್ಯಾಕ್ಟ್ ಹುಡುಗರ ವಿಷಯಕ್ಕೆ ಬರುತ್ತೇನೆ. ಇದು ಹೊಸ ಸಮಸ್ಯೆ ಅಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಲ್ಲಿ ಕಸುಬು ಗೊತ್ತಿದ್ದ ಗಂಡಸರು ಸೈನ್ಯಕ್ಕೆ ಹೋದರು. ಅವರ ಜಾಗಕ್ಕೆ ಮಷಿನ್ ಮುಖ ನೋಡದವರು ಬಂದರು, ಅದರಲ್ಲಿ ಹೆಂಗಸರು ಬಹಳ. ಅವರಿಗೆ ಬೇಗ ಕಲಿಸಬೇಕಿತ್ತು. ಕಲಿಸುವ ಸೂಪರ್‌ವೈಸರ್‌ಗಳಿಗೆ ಕಲಿಸುವುದು ಹೇಗೆ ಅನ್ನುವುದೇ ಗೊತ್ತಿರಲಿಲ್ಲ. ಆಗ ಸರ್ಕಾರ ಟ್ರೇನಿಂಗ್ ವಿದಿನ್ ಇಂಡಸ್ಟ್ರಿ ಅಂತ ಒಂದು ಕಾರ್ಯಕ್ರಮ ತಂದಿತು. ಚಿಕ್ಕದಾಗಿ ಟಿಡಬ್ಲ್ಯುಐ. 1940ರಿಂದ 1945ರವರೆಗೆ ನಡೆಯಿತು, 16,000ಕ್ಕೂ ಹೆಚ್ಚು ಕಾರ್ಖಾನೆಗಳಿಗೆ ಹೋಯಿತು. ಯುದ್ಧ ಮುಗಿದ ಮೇಲೆ ಅಮೆರಿಕದವರು ಮರೆತರು. ಜಪಾನಿನವರು ಹಿಡಿದುಕೊಂಡರು. ಟೊಯೊಟಾದಲ್ಲಿ ಕೆಲಸ ಕಲಿಸುವ ಕ್ರಮಕ್ಕೆ ಅದೇ ತಳಹದಿ. ಬಲೂನ್ ಇಲ್ಲ, ಏನೂ ಇಲ್ಲ. ಜೇಬಿನಲ್ಲಿ ಇಟ್ಟುಕೊಳ್ಳುವ ಒಂದು ಕಾರ್ಡ್, ಅಷ್ಟೇ.

ಕಲಿಸುವುದಕ್ಕೆ ನಾಲ್ಕು ಹಂತ. ಕಲಿಯುವವನನ್ನು ಸಿದ್ಧ ಮಾಡು, ಮಾಡಿ ತೋರಿಸು, ಅವನ ಕೈಲಿ ಮಾಡಿಸು, ಆಮೇಲೆ ಹೋಗಿ ನೋಡುತ್ತಿರು. ಓದಿದರೆ ಇಷ್ಟೇನಾ ಅನ್ನಿಸುತ್ತದೆ. ಮಾಡುವಾಗ ಎಲ್ಲರೂ ಮೂರನೆಯದನ್ನು ಹಾರಿಸುತ್ತಾರೆ.

ಇನ್ಸರ್ಟ್ (ಟೂಲ್ ತುದಿಯಲ್ಲಿ ಕೂರುವ ಕತ್ತರಿಸುವ ಚೂರು) ಬದಲಾಯಿಸುವುದನ್ನೇ ತೆಗೆದುಕೊಳ್ಳಿ. ನಾವು ಹುಡುಗನಿಗೆ ಏನು ಹೇಳುತ್ತೇವೆ? "ಸ್ಕ್ರೂ ತೆಗಿ, ಎಡ್ಜ್ ತಿರುಗಿಸು, ಟೈಟ್ ಮಾಡು, ಸಮಝಾ?" ಅವನು "ಹಾ ಸರ್". ಇದರಲ್ಲಿ ಮುಖ್ಯವಾದದ್ದು ಎಲ್ಲಿ ಬಂತು? ಇನ್ಸರ್ಟ್ ಕೂರುವ ಸೀಟ್ ಒರೆಸಬೇಕು. ಕೂದಲೆಳೆಯಷ್ಟು ಚಿಪ್ ಅಲ್ಲಿ ಕೂತಿದ್ದರೂ ಇನ್ಸರ್ಟ್ ಅಲ್ಲಾಡುತ್ತದೆ. ಸೈಜ್ ಓಡಾಡುತ್ತದೆ, ಕೊನೆಗೆ ಎಡ್ಜ್ ಒಡೆಯುತ್ತದೆ. ಒಂದು ಹಾಳೆಯಲ್ಲಿ ಮೂರು ಸಾಲು ಬರೆದುಕೊಳ್ಳಿ. ಏನು ಮಾಡಬೇಕು, ಅದರಲ್ಲಿ ಗಮನ ಎಲ್ಲಿರಬೇಕು, ಯಾಕೆ. ಮೊದಲ ಸಲ ಬರೀ ಮಾಡಿ ತೋರಿಸಿ. ಎರಡನೇ ಸಲ ಗಮನದ ಜಾಗ ಹೇಳುತ್ತಾ ಮಾಡಿ. ಮೂರನೇ ಸಲ ಯಾಕೆ ಅಂತ ಹೇಳಿ. ಆಮೇಲೆ ನೀವು ಕೈಕಟ್ಟಿ ನಿಂತುಕೊಳ್ಳಿ, ಅವನು ಮಾಡಲಿ. ಮಾಡುತ್ತಾ ಯಾಕೆ ಅಂತ ಅವನೇ ಹೇಳಲಿ. ಒಡಿಯಾದಲ್ಲೇ ಹೇಳಲಿ, ಪರವಾಗಿಲ್ಲ. ನೀವು ನೋಡಬೇಕಾದದ್ದು ಅವನ ಕೈ. ಸೀಟ್ ಒರೆಸದೆ ಮುಂದೆ ಹೋದನೋ, ಅಲ್ಲೇ ತಡೆಯಿರಿ.

"ಅರ್ಥ ಆಯ್ತಾ" ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಇಲ್ಲ ಅಂದವರನ್ನು ನಾನಂತೂ ಕಂಡಿಲ್ಲ. ಟಿಡಬ್ಲ್ಯುಐನವರದ್ದು ಒಂದು ಮಾತಿದೆ: ಕೆಲಸಗಾರ ಕಲಿತಿಲ್ಲ ಅಂದರೆ ಕಲಿಸುವವನು ಕಲಿಸಿಲ್ಲ. ಸೂಪರ್‌ವೈಸರ್‌ಗಳಿಗೆ ಇದು ಕಹಿ. ನಾನು ಹೇಳಿದಾಗ ಕ್ಲಾಸಿನಲ್ಲಿ ಯಾವಾಗಲೂ ಒಬ್ಬರಾದರೂ ಜಗಳಕ್ಕೆ ಬರುತ್ತಾರೆ.

ಕೆಂಪು ಬಾವುಟ

ಮೇಷ್ಟ್ರೇ, ಎಲ್ಲ ಸರಿ. ಆ ಹುಡುಗ ಹನ್ನೆರಡು ಗಂಟೆ ನಿಂತು ಕೆಲಸ ಮಾಡಿರುತ್ತಾನೆ. ಓಟಿಗೆ ದುಪ್ಪಟ್ಟು ಕೂಲಿ ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು, ಹೊಸ ಲೇಬರ್ ಕೋಡ್‌ನಲ್ಲೂ ಇದೆ. ಎಷ್ಟು ಕಡೆ ಸರಿಯಾಗಿ ಕೊಡುತ್ತಾರೆ? ಕಾಂಟ್ರ್ಯಾಕ್ಟರ್ ಎಷ್ಟು ಹಿಡಿದುಕೊಳ್ಳುತ್ತಾನೆ ಅನ್ನುವುದು ಇನ್‌ಚಾರ್ಜ್‌ಗಳಿಗೂ ಗೊತ್ತಿರುವುದಿಲ್ಲ. ಪಿಎಫ್ ನಂಬರ್ ಕೇಳಿದರೆ ನಾಳೆ ಬಾ ಅನ್ನುತ್ತಾರೆ. ಅವನಿಗೆ ಕಾರ್ಡ್ ತೋರಿಸಿ ನಾಲ್ಕು ಹಂತ ಹೇಳುತ್ತೀರಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಟೂಲ್‌ರೂಮ್ ಮೇಷ್ಟ್ರು

ನಿಮ್ಮ ಮಾತು ಒಪ್ಪುತ್ತೇನೆ. ಕೂಲಿ ಬಾಕಿ ಇಟ್ಟು ಸಿಹಿ ಮಾತಾಡುವುದು ಮೋಸ. ಆದರೆ ಈ ಹುಡುಗನ ಕೈಲಿ ಕೂಲಿ ನಿರ್ಧಾರ ಇಲ್ಲ. ಓಟಿ ಗಂಟೆ ಬರೆಯುವುದು ಅವನ ಕೈಲಿದೆ ಅಲ್ವಾ? ಅದನ್ನು ಅವತ್ತೇ, ಆ ಹುಡುಗರ ಕಣ್ಣೆದುರೇ ಬರೆದು ಸಹಿ ಹಾಕಿ ಕಳಿಸಲಿ. ತಿಂಗಳ ಕೊನೆಯಲ್ಲಿ ಲೆಕ್ಕ ತಪ್ಪಿದಾಗ ಅವರ ಕಡೆ ನಿಂತು ಹೇಳಲು ಒಂದು ಕಾಗದ ಇರುತ್ತದೆ.

ಕೆಂಪು ಬಾವುಟ

ಇದನ್ನು ಒಪ್ಪಿದೆ. ಹಾಜರಾತಿ ಪುಸ್ತಕದ ಫೋಟೋ ಹುಡುಗರ ಮೊಬೈಲ್‌ನಲ್ಲೂ ಇರಲಿ.

ಜುಬೈಲ್ ಕನ್ನಡಿಗ

ನಾನು ಸೌದಿಯಲ್ಲಿ ಪ್ಲಾಂಟ್ ಆಪರೇಷನ್‌ನಲ್ಲಿದ್ದೇನೆ, ಊರು ಸುರತ್ಕಲ್ ಹತ್ತಿರ. ಯಾರೂ ಶಿಫ್ಟ್ ಹ್ಯಾಂಡ್‌ಓವರ್, ಅಂದರೆ ಮುಂದಿನ ಶಿಫ್ಟಿನವರಿಗೆ ಕೆಲಸ ಒಪ್ಪಿಸುವುದರ ಬಗ್ಗೆ ಮಾತಾಡಿಲ್ಲ. ನನ್ನ ಪ್ರಕಾರ ಶಿಫ್ಟ್ ಇನ್‌ಚಾರ್ಜ್ ಒಬ್ಬನಿಗೆ ಬೇರೆ ಏನು ಬರದಿದ್ದರೂ ಇದು ಬರಬೇಕು.

ನಮ್ಮ ಲೈನಿನಲ್ಲಿ ಇರುವವರಿಗೆಲ್ಲ ಪೈಪರ್ ಆಲ್ಫಾ ಕಥೆ ಗೊತ್ತಿರುತ್ತದೆ. ಸ್ಕಾಟ್ಲೆಂಡ್ ಪಕ್ಕದ ಉತ್ತರ ಸಮುದ್ರದಲ್ಲಿದ್ದ ತೈಲ ವೇದಿಕೆ. 1988ರ ಜುಲೈ 6. ಎರಡು ಪಂಪ್‌ಗಳಲ್ಲಿ ಒಂದರ ಸೇಫ್ಟಿ ವಾಲ್ವ್ ಅನ್ನು ಹಗಲು ಶಿಫ್ಟಿನವರು ರಿಪೇರಿಗೆ ಬಿಚ್ಚಿದ್ದರು. ಸಂಜೆಯೊಳಗೆ ಕೆಲಸ ಮುಗಿಯಲಿಲ್ಲ. ತೆರೆದ ಪೈಪ್ ಬಾಯಿಗೆ ಒಂದು ತಟ್ಟೆ ಮುಚ್ಚಿ ಹೋದರು. ಕಾಗದ ಬರೆದಿದ್ದರು, ಆದರೆ ವಾಲ್ವ್ ಇಲ್ಲ ಅನ್ನುವ ವಿಷಯ ರಾತ್ರಿ ಶಿಫ್ಟಿನ ಆಪರೇಟರ್‌ಗಳಿಗೆ ತಲುಪಲೇ ಇಲ್ಲ. ರಾತ್ರಿ ಇನ್ನೊಂದು ಪಂಪ್ ಟ್ರಿಪ್ ಆಗಿ ನಿಂತಿತು. ರಾತ್ರಿ ಶಿಫ್ಟಿನವರು ವಾಲ್ವ್ ಬಿಚ್ಚಿದ್ದ ಪಂಪನ್ನೇ ಚಾಲೂ ಮಾಡಿದರು. ಗ್ಯಾಸ್ ಸೋರಿತು, ಸ್ಫೋಟ ಆಯಿತು. 167 ಜನ ಸತ್ತರು. ಅನಾಹುತಕ್ಕೆ ಕಾರಣ ಇನ್ನೂ ಹಲವು ಇದ್ದವು, ಆದರೆ ಮೊದಲ ಕೊಂಡಿ ತಪ್ಪಿದ್ದು ಅಲ್ಲಿ. ಲಾರ್ಡ್ ಕಲ್ಲನ್ ನಡೆಸಿದ ವಿಚಾರಣೆಯ ವರದಿ 1990ರಲ್ಲಿ ಬಂತು, ಅದರಲ್ಲಿ 106 ಶಿಫಾರಸು ಇದ್ದವು.

ನಿಮ್ಮ ಲೇತ್ ಸ್ಫೋಟ ಆಗುವುದಿಲ್ಲ, ಗೊತ್ತು. ಆದರೆ ತಪ್ಪುವ ಜಾಗ ಒಂದೇ. ಎ ಶಿಫ್ಟಿನವನು ಟೈಲ್‌ಸ್ಟಾಕ್ (ಪೀಸಿನ ಇನ್ನೊಂದು ತುದಿ ಒತ್ತಿ ಹಿಡಿಯುವ ಭಾಗ) ಪ್ರೆಷರ್ ಕಮ್ಮಿ ಮಾಡಿಟ್ಟು ಬಸ್ ಹಿಡಿಯಲು ಓಡಿರುತ್ತಾನೆ. ನೀವು ಬಂದು ಸ್ಟಾರ್ಟ್ ಒತ್ತುತ್ತೀರಿ.

ನಾವು ಮಾಡುವುದು ಇಷ್ಟು. ಹ್ಯಾಂಡ್‌ಓವರ್ ಆಫೀಸಿನಲ್ಲಿ ಕೂತು ಅಲ್ಲ, ಮಷಿನ್ ಮುಂದೆ ನಿಂತು. ಮುಗಿದ ಕೆಲಸದ ಬಗ್ಗೆ ಮಾತು ಕಮ್ಮಿ. ಅರ್ಧ ಆದದ್ದು, ಬದಲಾಯಿಸಿದ್ದು, ಅನುಮಾನ ಇರುವುದು, ಇದರ ಬಗ್ಗೆ ಜಾಸ್ತಿ. ಕೇಳಿಸಿಕೊಂಡವನು ಅದನ್ನು ತಿರುಗಿ ಹೇಳಬೇಕು. ಇದು ಸುಮ್ನೆ ಶಾಸ್ತ್ರ ಅನ್ನಿಸುತ್ತದೆ. ಒಂದು ವಾರ ಮಾಡಿ ನೋಡಿ, ಎಷ್ಟು ಸಲ ತಪ್ಪು ಕೇಳಿಸಿಕೊಂಡಿರುತ್ತಾರೆ ಅಂತ ಗೊತ್ತಾಗುತ್ತದೆ. ಬಸ್ ಟೈಮ್ ಶಿಫ್ಟ್ ಟೈಮ್‌ಗೆ ಅಂಟಿಕೊಂಡಿದ್ದರೆ ಹತ್ತು ನಿಮಿಷ ಬಿಡುವು ಕೊಡಿ ಅಂತ ಮೇಲಿನವರನ್ನು ಕೇಳಿ. ಆ ಹತ್ತು ನಿಮಿಷಕ್ಕೂ ಕೂಲಿ ಕೊಡಬೇಕು, ಇಲ್ಲದಿದ್ದರೆ ಕೆಂಪು ಬಾವುಟ ಅವರು ಬರುತ್ತಾರೆ.

ಕೆಂಪು ಬಾವುಟ

ಬಂದೇ ಬರುತ್ತೇನೆ.

ಬಿ ಶಿಫ್ಟ್ ಹುಡುಗ

ನಮ್ಮಲ್ಲಿ ಹ್ಯಾಂಡ್‌ಓವರ್ ಅಂದರೆ ವಾಟ್ಸಾಪ್ ಗ್ರೂಪ್‌ನಲ್ಲಿ "ಆಲ್ ಓಕೆ" ಅಂತ ಒಂದು ಮೆಸೇಜ್, ಒಂದು ಹೆಬ್ಬೆರಳು. ಇದನ್ನು ನಾಳೆಯಿಂದಲೇ ಶುರು ಮಾಡಬಹುದು. ಬೆಳಗಿನ ಮೀಟಿಂಗ್ ಬಗ್ಗೆಯೂ ಯಾರಾದರೂ ಹೇಳಿ ಪ್ಲೀಸ್. ಇಂಗ್ಲಿಷ್ ಕ್ಲಾಸ್ ಸೇರಲಾ?

ಗೇಜ್ ಅಕ್ಕ

ಸೇರಪ್ಪ, ಇಂಗ್ಲಿಷ್ ಕಲಿತರೆ ನಷ್ಟ ಇಲ್ಲ. ಆದರೆ ಅಲ್ಲಿ ನಿನ್ನ ಬಾಯಿ ಕಟ್ಟುತ್ತಿರುವುದು ಇಂಗ್ಲಿಷ್ ಅಲ್ಲ ಅಂತ ನನ್ನ ಅನುಮಾನ. ನಾನು ಕ್ವಾಲಿಟಿಯಲ್ಲಿ ಇರುವವಳು, ದಿನಾ ಆ ಮೀಟಿಂಗ್‌ನಲ್ಲಿ ಆ ಕಡೆ ಕೂತಿರುತ್ತೇನೆ. ಮ್ಯಾನೇಜರ್‌ಗೆ ಕೋಪ ಬರುವುದು ವ್ಯಾಕರಣಕ್ಕಲ್ಲ. ಕೇಳಿದ್ದಕ್ಕೆ ಉತ್ತರ ಇಲ್ಲದಿದ್ದಾಗ. "ಎಷ್ಟು ಪೀಸ್?" ಅಂದರೆ "ಸುಮಾರು ಇರಬಹುದು ಸರ್". "ಡಿಸ್ಪ್ಯಾಚ್ ಆಗಿದೆಯಾ?" "ನೋಡಬೇಕು ಸರ್". ಇದನ್ನು ಆಕ್ಸ್‌ಫರ್ಡ್ ಇಂಗ್ಲಿಷ್‌ನಲ್ಲಿ ಹೇಳಿದರೂ ಬೈಗುಳವೇ.

ನೀನು ಚೀಟಿಯಲ್ಲಿ ಬರೆದುಕೊಂಡು ಹೋಗು. ಹೀಗೆ: "ಸರ್, ಬುಷ್, 40 ಪೀಸ್ ಬೋರ್ ಓವರ್‌ಸೈಜ್. ರಾತ್ರಿ 8.30ಕ್ಕೆ ಸಿಕ್ಕಿತು. 40 ಕೂಡ ರೆಡ್ ಬಿನ್‌ನಲ್ಲಿದೆ. ಅದಕ್ಕಿಂತ ಹಿಂದಿನ 200 ಹೋಲ್ಡ್ ಮಾಡಿದ್ದೇವೆ, ಮಧ್ಯಾಹ್ನದೊಳಗೆ ಎಲ್ಲ ಚೆಕ್ ಆಗುತ್ತದೆ. ಡಿಸ್ಪ್ಯಾಚ್ ಆಗಿಲ್ಲ. ಒಂದು ಎಕ್ಸ್‌ಟ್ರಾ ಪ್ಲಗ್ ಗೇಜ್ ಬೇಕು." ಇದರಲ್ಲಿ ಇಂಗ್ಲಿಷ್ ಆಗಬೇಕಾದ ಪದಗಳೆಲ್ಲ ಆಗಲೇ ಇಂಗ್ಲಿಷ್‌ನಲ್ಲೇ ಇವೆ. ಉಳಿದದ್ದು ಕನ್ನಡದಲ್ಲಿ ಹೇಳಿದರೆ ಯಾವ ಮ್ಯಾನೇಜರ್‌ಗೂ ಅರ್ಥ ಆಗುತ್ತದೆ. ಕನ್ನಡ ಬಾರದವರಿದ್ದರೆ ಇದೇ ಕ್ರಮದಲ್ಲಿ ಒಂದೊಂದೇ ಚಿಕ್ಕ ವಾಕ್ಯ ಇಂಗ್ಲಿಷ್‌ನಲ್ಲಿ ಹೇಳು.

ಎಲ್ಲಕ್ಕಿಂತ ಮುಖ್ಯ, ಮೀಟಿಂಗ್‌ವರೆಗೂ ಕಾಯಬೇಡ. ರಾತ್ರಿಯೇ ಒಂದು ಫೋನ್ ಮಾಡು. ಮ್ಯಾನೇಜರ್‌ಗೆ ಅವರ ಬಾಸ್ ಮುಂದೆ ಮೊದಲ ಸಲ ಗೊತ್ತಾಗಬಾರದು. ಅವರ ಜಾಗದಲ್ಲಿ ನಿಂತು ಯೋಚನೆ ಮಾಡು. ರಾತ್ರಿ ನಿದ್ದೆಯಿಂದ ಎಬ್ಬಿಸಿದ್ದಕ್ಕೆ ಬೈಯುವವರು ಒಂದು ಸಲ ಬೈಯುತ್ತಾರೆ. ಮುಚ್ಚಿಟ್ಟವರನ್ನು ಅವರು ಆಮೇಲೆ ನಂಬುವುದೇ ಇಲ್ಲ.

ಇನ್ನು ಕಾರಣ ಬರೆಯುವ ವಿಷಯ. ವಾಹನ ಕಂಪನಿಗಳಿಗೆ ಪಾರ್ಟ್ ಕೊಡುವವರಾದರೆ ನಿಮಗೆ 8ಡಿ ರಿಪೋರ್ಟ್, ಅಂದರೆ ಸಮಸ್ಯೆ ಬಿಡಿಸುವ ಎಂಟು ಹೆಜ್ಜೆಯ ರಿಪೋರ್ಟ್, ಗೊತ್ತಿರುತ್ತದೆ. ಫೋರ್ಡ್‌ನವರು 1987ರಲ್ಲಿ ಬರೆದಿಟ್ಟ ಕ್ರಮ. ಅದರಲ್ಲಿ ಮೂರನೆಯದು ಸದ್ಯಕ್ಕೆ ಕೆಟ್ಟ ಮಾಲು ಹೊರಗೆ ಹೋಗದ ಹಾಗೆ ತಡೆಯುವುದು, ನಾಲ್ಕನೆಯದು ಮೂಲ ಕಾರಣ ಹುಡುಕುವುದು. ಕ್ರಮ ನೋಡಿದೆಯಾ? ಮೊದಲು ತಡೆ, ಆಮೇಲೆ ಹುಡುಕು. ನಮ್ಮಲ್ಲಿ ಮೊದಲೇ ಯಾರದ್ದು ತಪ್ಪು ಅಂತ ಶುರು ಮಾಡುತ್ತೇವೆ. ಅಷ್ಟರಲ್ಲಿ ಲಾರಿ ಲೋಡ್ ಆಗಿರುತ್ತದೆ.

ಮೂಲ ಕಾರಣಕ್ಕೆ ಇಳಿಯಲು ಐದು ಸಲ ಯಾಕೆ ಅಂತ ಕೇಳಿಕೊಳ್ಳುವ ಕ್ರಮ ಎಲ್ಲರೂ ಬರೆಯುತ್ತಾರೆ. ಎರಡನೇ ಯಾಕೆಗೇ "ಆಪರೇಟರ್ ನಿರ್ಲಕ್ಷ್ಯ" ಅಂತ ಬರುತ್ತದೆ, ಪರಿಹಾರ "ರೀಟ್ರೇನಿಂಗ್ ಕೊಡಲಾಗಿದೆ". ನಾನು ಈ ಎರಡು ಸಾಲು ಎಷ್ಟು ಓದಿದ್ದೇನೋ ಲೆಕ್ಕ ಇಲ್ಲ. ಟೊಯೊಟಾದ ಎಂಜಿನಿಯರ್ ಓನೊ ಕೊಟ್ಟ ಉದಾಹರಣೆ ನೋಡು. ಮಷಿನ್ ನಿಂತಿತು, ಯಾಕೆ? ಲೋಡ್ ಜಾಸ್ತಿಯಾಗಿ ಫ್ಯೂಸ್ ಹೋಯಿತು. ಯಾಕೆ? ಬೇರಿಂಗ್‌ಗೆ ಎಣ್ಣೆ ಸಾಲಲಿಲ್ಲ. ಯಾಕೆ? ಪಂಪ್ ಸರಿಯಾಗಿ ಎತ್ತುತ್ತಿಲ್ಲ. ಯಾಕೆ? ಪಂಪ್ ಶಾಫ್ಟ್ ಸವೆದಿದೆ. ಯಾಕೆ? ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿದೆ. ಕೊನೆಗೆ ಸಿಕ್ಕಿದ್ದು ಜಾಲರಿ, ಮನುಷ್ಯ ಅಲ್ಲ. ನಿನ್ನ ಶಿಫ್ಟಿನವರು ನೀನು ಬರೆದ ರಿಪೋರ್ಟ್ ಓದುತ್ತಾರೆ, ನೆನಪಿರಲಿ. ಓದಲು ಬಾರದವರು ಓದಿಸಿಕೊಳ್ಳುತ್ತಾರೆ.

ರಾತ್ರಿ ಪಾಳಿ

ಇಷ್ಟೆಲ್ಲ ಸಲುಗೆ ಕೊಟ್ಟರೆ ತಲೆ ಮೇಲೆ ಕೂರುತ್ತಾರೆ. ಹೇಳಿಬಿಟ್ಟಿದ್ದೇನೆ. ನಮ್ಮಲ್ಲಿ ಒಬ್ಬ ಇನ್‌ಚಾರ್ಜ್ ಎಲ್ಲರ ಜೊತೆ ಬಿಯರ್ ಪಾರ್ಟಿಗೆ ಹೋಗುತ್ತಿದ್ದ, ಎಲ್ಲರಿಗೂ ಕೈಸಾಲ ಕೊಡುತ್ತಿದ್ದ. ಕೊನೆಗೆ ಭಾನುವಾರ ಓಟಿಗೆ ಬನ್ನಿ ಅಂದರೆ ಒಬ್ಬನೂ ಬರುತ್ತಿರಲಿಲ್ಲ.

ಹಳೇ ಟರ್ನರ್

ಅದು ಸಲುಗೆ ಅಲ್ಲ ಸ್ವಾಮಿ, ಲೇವಾದೇವಿ. ಸಾಲ ಕೊಟ್ಟವನು, ಸಾಲ ತಗೊಂಡವನು ಇಬ್ಬರೂ ಮುಖ ತಪ್ಪಿಸಿಕೊಂಡು ಓಡಾಡುತ್ತಾರೆ. ಇನ್‌ಚಾರ್ಜ್ ಆದ ಮೇಲೆ ಚೀಟಿ ವ್ಯವಹಾರ, ಕೈಸಾಲ ಎರಡೂ ಬಿಡಬೇಕು. ಮದುವೆ, ಗೃಹಪ್ರವೇಶ, ಸಾವು ಇದಕ್ಕೆ ಮಾತ್ರ ತಪ್ಪದೆ ಹೋಗಬೇಕು. ಬಿಯರ್ ವಿಷಯ ನಾನು ಏನೂ ಹೇಳುವುದಿಲ್ಲ.

ಅಸೆಂಬ್ಲಿ ಲೈನ್ ಸುಮ್ಮನಿರದವಳು

ಎಲ್ಲರೂ ಅಣ್ಣ, ತಮ್ಮ ಅಂತಲೇ ಬರೆದಿದ್ದೀರಿ. ನಿಮ್ಮ ಶಾಪ್‌ಗಳಲ್ಲಿ ಹೆಂಗಸರೇ ಇಲ್ವಾ? ನಮ್ಮ ಅಸೆಂಬ್ಲಿಯಲ್ಲಿ ಮುಕ್ಕಾಲು ಪಾಲು ನಾವೇ. "ಹೊಂದಿಕೊಂಡು ಹೋಗುವುದು" ಅನ್ನುವ ಪಾಠ ನಮಗೆ ಮನೆಯಲ್ಲೂ ಆಗಿದೆ, ಕೆಲಸದಲ್ಲೂ ಆಗುತ್ತಿದೆ. ಹಾಗಾಗಿ ಜನರ ಜೊತೆ ನಡೆದುಕೊಳ್ಳುವುದು ಅಂತ ಮಾತು ಬಂದಾಗ ಇದನ್ನೂ ಸೇರಿಸಿ. ಯಾರಾದರೂ ಹುಡುಗಿ ಬಂದು ಇಂಥವರು ಹೀಗೆ ಮಾತಾಡುತ್ತಾರೆ, ಮೈ ಮುಟ್ಟುತ್ತಾರೆ ಅಂತ ಹೇಳಿದರೆ ನೀನು ರಾಜಿ ಮಾಡಿಸಲು ಕೂರಬೇಡ. "ಅವರು ಹಿರಿಯರು, ತಮಾಷೆಗೆ ಅಂದಿರಬೇಕು" ಅನ್ನಬೇಡ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ದೂರು ಕೊಡಲು ಸಾಮಾನ್ಯವಾಗಿ ಮೂರು ತಿಂಗಳ ಗಡುವು. ಕಾಂಟ್ರ್ಯಾಕ್ಟ್, ಟ್ರೇನಿ ಅಂತ ಭೇದ ಇಲ್ಲ. ಸಮಿತಿಯಲ್ಲಿ ಯಾರಿದ್ದಾರೆ, ಅವರ ನಂಬರ್ ಏನು, ಇದು ನಿನ್ನ ಬಳಿ ಬರೆದಿಟ್ಟಿರಲಿ. ಅವಳಿಗೆ ಕೊಡು. ನಿನ್ನ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ, ಆಮೇಲೆ ಅವಳನ್ನು ಯಾರೂ ಬೇಕಂತಲೇ ಕಷ್ಟದ ಸ್ಟೇಷನ್‌ಗೆ ಹಾಕದ ಹಾಗೆ ನೋಡಿಕೊಳ್ಳಬೇಕು.

ಬಿ ಶಿಫ್ಟ್ ಹುಡುಗ

ಸರಿ ಅಕ್ಕ. ನಮ್ಮ ನೋಟಿಸ್ ಬೋರ್ಡಿನಲ್ಲಿ ಸಮಿತಿ ಹೆಸರುಗಳಿವೆ, ಆದರೆ ಅದರಲ್ಲಿ ಒಬ್ಬರು ಕೆಲಸ ಬಿಟ್ಟು ಹೋಗಿ ಬಹಳ ದಿನ ಆಯಿತು. ಎಚ್‌ಆರ್‌ಗೆ ಹೇಳುತ್ತೇನೆ.

ಗೋಕುಲ ರೋಡ್

ಹುಬ್ಬಳ್ಳಿಯಿಂದ ಬರೀತಿದ್ದೇನ್ರೀ. ನಮ್ಮ ಎಸ್ಟೇಟಿನ ಒಂದು ಆಯುಧಪೂಜೆ ಬಗ್ಗೆ ಹೇಳಬೇಕು. ಮಷಿನ್‌ಗೆಲ್ಲ ಸುಣ್ಣ, ಕುಂಕುಮ, ಬಾಳೆಕಂಬ. ಬೂದುಗುಂಬಳ ಒಡೆದಾಯಿತು. ಆಮೇಲೆ ಸ್ವೀಟ್ ಬಾಕ್ಸ್ ಹಂಚುವ ಹೊತ್ತು. ಪರ್ಮನೆಂಟ್‌ನವರಿಗೆ ಒಂದು ಕೆಜಿ ಬಾಕ್ಸ್, ಕಾಂಟ್ರ್ಯಾಕ್ಟ್ ಹುಡುಗರಿಗೆ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಲಾಡು, ಸ್ವಲ್ಪ ಚುರುಮುರಿ. ಒಂದೇ ಸಾಲಿನಲ್ಲಿ ನಿಲ್ಲಿಸಿ ಕೊಟ್ಟರು ಮತ್ತೆ! ಆ ಸಾಲಿನಲ್ಲಿ ಎಲ್ಲರಿಗೂ ಎಲ್ಲ ಕಾಣಿಸುತ್ತದೆ. ಮುಂದಿನ ವರ್ಷ ಒಬ್ಬ ಸೂಪರ್‌ವೈಸರ್ ಮಾಲೀಕರ ಹತ್ತಿರ ಹೋಗಿ, ಬಾಕ್ಸ್ ಅರ್ಧ ಕೆಜಿ ಆದರೂ ಆಗಲಿ, ಎಲ್ಲರಿಗೂ ಒಂದೇ ಇರಲಿ ಅಂತ ಕೇಳಿ ಮಾಡಿಸಿದ. ಭಾಳ ದೊಡ್ಡ ಖರ್ಚೇನಲ್ಲ. ಪರ್ಮನೆಂಟ್‌ನವರು ಒಂದಿಬ್ಬರು ಗೊಣಗಿದರು, ಅಷ್ಟೇ. ಆ ಹುಡುಗರು ಆ ಸೂಪರ್‌ವೈಸರ್ ಹೆಸರು ಈಗಲೂ ಹೇಳುತ್ತಾರೆ.

ಟೂಲ್‌ರೂಮ್ ಮೇಷ್ಟ್ರು

ಚೆನ್ನಾಗಿ ಹೇಳಿದಿರಿ. ಟಿಡಬ್ಲ್ಯುಐನಲ್ಲಿ ಜನರ ಜೊತೆ ನಡೆದುಕೊಳ್ಳುವುದಕ್ಕೂ ಒಂದು ಕಾರ್ಡ್ ಇದೆ. ಕೆಲಸ ಹೇಗೆ ಆಗುತ್ತಿದೆ ಅಂತ ಪ್ರತಿಯೊಬ್ಬನಿಗೂ ತಿಳಿಸು. ಒಳ್ಳೆಯದು ಮಾಡಿದಾಗ ಹೊಗಳು. ಅವನಿಗೆ ತಟ್ಟುವ ಬದಲಾವಣೆ ಇದ್ದರೆ ಮೊದಲೇ ಹೇಳು. ಅವನಲ್ಲಿರುವ ಕಸುಬನ್ನು ಪೂರ್ತಿ ಬಳಸಿಕೋ. ನಾಲ್ಕರಲ್ಲಿ ನಮ್ಮವರು ತೀರಾ ಕಡೆಗಣಿಸುವುದು ಮೂರನೆಯದನ್ನು. ಮಷಿನ್ ಬದಲಾಯಿಸುವುದು, ಶಿಫ್ಟ್ ಬದಲಾಯಿಸುವುದು, ಎಲ್ಲ ಶನಿವಾರ ಸಂಜೆ ಬೋರ್ಡ್ ಮೇಲೆ. ಮನೆಯಲ್ಲಿ ಮಗು ಸ್ಕೂಲಿಗೆ ಬಿಡುವವರು ಯಾರು, ಹೆಂಡತಿ ಡ್ಯೂಟಿ ಯಾವಾಗ, ಯಾರೂ ಕೇಳುವುದಿಲ್ಲ.

ನಾಲ್ಕನೆಯದು ನಿನ್ನ ಹಿರಿಯ ಆಪರೇಟರ್‌ಗೆ ಹೊಂದುತ್ತದೆ. ಟೂಲ್ ಸವೆದ ಸದ್ದು ಆ ಹುಡುಗರಿಗೆ ಕಲಿಸುವ ಕೆಲಸ ಅವರಿಗೇ ಕೊಡು. ಸುಮ್ನೆ ಬಾಯಿಮಾತಿಗಲ್ಲ. ಅಷ್ಟು ಹೊತ್ತು ಅವರ ಮಷಿನ್ ಟಾರ್ಗೆಟ್ ಕಮ್ಮಿ ಮಾಡಿಸಿಕೊಂಡು ಕೊಡು. ಟಾರ್ಗೆಟ್ ಹಾಗೇ ಇಟ್ಟು ಕಲಿಸು ಅಂದರೆ ಅದು ಗೌರವ ಅಲ್ಲ, ಹೆಚ್ಚುವರಿ ಕೆಲಸ.

ಬಿ ಶಿಫ್ಟ್ ಹುಡುಗ

ಶೀಟ್ ಬಗ್ಗೆ ಅವರ ಜೊತೆ ಒಬ್ಬರೇ ಇದ್ದಾಗ ಮಾತಾಡಿದೆ. ಮೊದಲು ಏನೂ ಹೇಳಲಿಲ್ಲ. ಟೀ ಕುಡಿದ ಮೇಲೆ, ಹಿಂದಿನ ಕಂಪನಿಯಲ್ಲಿ ರಿಜೆಕ್ಷನ್ ಬರೆದಿದ್ದಕ್ಕೆ ಇನ್‌ಕ್ರಿಮೆಂಟ್ ನಿಲ್ಲಿಸಿದ್ದರು ಅಂದರು. ಕನ್ನಡದಲ್ಲಿ ಹೊಸ ಶೀಟ್ ಮಾಡುತ್ತಿದ್ದೇನೆ, ಕಾಲಂ ಹೇಗಿರಬೇಕು ಅಂತ ಅವರೇ ಹೇಳುತ್ತಿದ್ದಾರೆ. ಆದರೆ ಈಗ ಹೊಸ ಹೆದರಿಕೆ. ಎಲ್ಲರೂ ನಿಜ ಬರೆಯಲು ಶುರು ಮಾಡಿದರೆ ನನ್ನ ಶಿಫ್ಟಿನ ರಿಜೆಕ್ಷನ್ ನಂಬರ್ ಮೇಲೆ ಹೋಗುತ್ತದೆ. ಎ ಶಿಫ್ಟಿನವರು ಮುಚ್ಚಿಟ್ಟು ಒಳ್ಳೆಯವರಾಗುತ್ತಾರೆ. ನಾನು ಬಂದ ಮೇಲೆ ಕೆಟ್ಟಿತು ಅಂತ ಆಗುವುದಿಲ್ವಾ?

ಜುಬೈಲ್ ಕನ್ನಡಿಗ

ಆಗುತ್ತದೆ. ಒಳ್ಳೆಯ ಪ್ರಶ್ನೆ. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ ಅವರು 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಮ್ಮಿ ಇರಬೇಕು ಅಂದುಕೊಂಡಿದ್ದರು. ಲೆಕ್ಕದಲ್ಲಿ ಉಲ್ಟಾ ಬಂತು. ಮುಖ್ಯಸ್ಥೆ ಚೆನ್ನಾಗಿ ನಡೆಸಿಕೊಳ್ಳುವ ವಾರ್ಡ್‌ಗಳಲ್ಲೇ ತಪ್ಪು ಜಾಸ್ತಿ ದಾಖಲಾಗಿತ್ತು. ಅಲ್ಲಿ ತಪ್ಪು ಹೆಚ್ಚು ನಡೆಯುತ್ತಿರಲಿಲ್ಲ, ನರ್ಸ್‌ಗಳು ಹೆದರದೆ ಹೇಳುತ್ತಿದ್ದರು. ನಿಮ್ಮಲ್ಲೂ ಮೊದಲ ಒಂದೆರಡು ತಿಂಗಳು ನಂಬರ್ ಏರುವುದು ಸಹಜ.

ಗೇಜ್ ಅಕ್ಕ

ಆ ಆಸ್ಪತ್ರೆ ಕಥೆ ಮ್ಯಾನೇಜರ್ ಮುಂದೆ ಹೇಳಬೇಡ, ಬೇಜಾರು ಮಾಡಿಕೊಳ್ಳುತ್ತಾರೆ. ಹೊಸ ಶೀಟ್ ಹಾಕುವ ಮೊದಲೇ ಅವರ ಹತ್ತಿರ ಹೋಗಿ "ಸರ್, ಮುಂದಿನ ತಿಂಗಳು ನನ್ನ ಶಿಫ್ಟಿನಲ್ಲಿ ಬರೆದಿರುವ ರಿಜೆಕ್ಷನ್ ಜಾಸ್ತಿ ಕಾಣಿಸುತ್ತದೆ, ಕಾರಣ ಇದು" ಅಂತ ಹೇಳಿಬಿಡು. ಮೊದಲೇ ಹೇಳಿದರೆ ಲೆಕ್ಕ, ಆಮೇಲೆ ಹೇಳಿದರೆ ಸಬೂಬು. ಮತ್ತೆ ಗ್ರಾಫ್‌ನಲ್ಲಿ ಒಂದು ಗೆರೆ ಬೇಡ, ಎರಡು ಎಳೆ. ಶಾಪ್ ಒಳಗೆ ನಾವೇ ಹಿಡಿದದ್ದು ಒಂದು, ಕಸ್ಟಮರ್ ಹತ್ತಿರ ಹೋಗಿ ವಾಪಸ್ ಬಂದದ್ದು ಇನ್ನೊಂದು. ಮೊದಲನೆಯದು ಏರುತ್ತಾ ಎರಡನೆಯದು ಇಳಿದರೆ ನಿನ್ನ ಪರವಾಗಿ ಮಾತಾಡಬೇಕು ಅಂತ ನಿಮ್ಮ ಕ್ಯೂಸಿಯವರನ್ನು, ಅಂದರೆ ಕ್ವಾಲಿಟಿ ನೋಡುವವರನ್ನು, ಈಗಲೇ ಒಪ್ಪಿಸಿಕೋ. ಕಸ್ಟಮರ್ ಕಂಪ್ಲೇಂಟ್ ಫೈಲ್ ಅವರ ಹತ್ತಿರವೇ ಇರುತ್ತದೆ. ಬ್ಯಾಚ್ ನಂಬರ್ ಜೊತೆ ಶಿಫ್ಟ್ ಕೂಡ ಬರೆದಿದ್ದಾರಾ ಅಂತ ನೋಡು. ಬರೆದಿಲ್ಲದಿದ್ದರೆ ಇವತ್ತಿನಿಂದ ಜಾಬ್ ಕಾರ್ಡ್ ಮೇಲೆ ಬಿ ಅಂತ ಸೀಲ್ ಹಾಕಿಸು.